ಕುದೂರಿನ ಬಿತ್ತನೆ ಗೂಡು, ದಿಲ್ಲಿಯ ಆಮದು ಸುಂಕ

2011ರ ಫೆಬ್ರುವರಿ 28ರಂದು ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಲೋಕಸಭೆಯಲ್ಲಿ ಬಜೆಟ್ ಮಂಡಿಸಿದಾಗ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ನೇಕಾರರಿಗೆ ನೂಲು ಅಗ್ಗವಾಗಿ ಸಿಗಬೇಕು ಎಂಬುದು ಅದರ ಹಿಂದಿನ ತರ್ಕ. ಸಾವಿರಾರು ಕೋಟಿ ರೂಪಾಯಿಗಳ ಲೆಕ್ಕಾಚಾರದ ನಡುವೆ ಅದಕ್ಕೆ ಸಿಕ್ಕ ಜಾಗ ಒಂದೆರಡು ಸಾಲಿನಷ್ಟು. ಆ ವರ್ಷ ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಪಾತಾಳಕ್ಕೆ ಬಿತ್ತು, ಬೆಳೆಗಾರರು ಬೀದಿಗೆ ಇಳಿದರು. ಎರಡು ವರ್ಷಗಳ ಬಳಿಕ, 2013ರ ಬಜೆಟ್‌ನಲ್ಲಿ ಪಿ. ಚಿದಂಬರಂ ಸುಂಕವನ್ನು ಶೇ 15ಕ್ಕೆ ಏರಿಸಿದರು. ಮುಂದೆ ಅದು ಶೇ 10ಕ್ಕೆ ಇಳಿಯಿತು. 2021ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಮತ್ತೆ ಶೇ 15 ಮಾಡಿದರು. ಹತ್ತು ವರ್ಷದೊಳಗೆ ಮೂವತ್ತು, ಐದು, ಹದಿನೈದು, ಹತ್ತು, ಹದಿನೈದು. ಈ ಏರಿಳಿತದಲ್ಲಿ ಯಾವ ದರ ಸರಿ ಎಂಬುದರ ಬಗ್ಗೆ ಅರ್ಥಶಾಸ್ತ್ರಜ್ಞರು ಜಗಳವಾಡಬಹುದು. ನನ್ನ ತಕರಾರು ಬೇರೆ. ಸಂಕಷ್ಟದಲ್ಲಿರುವ ಉದ್ದಿಮೆಗೆ ಸರ್ಕಾರ ಆಸರೆ ಕೊಡಬೇಕೇ, ಎಷ್ಟು, ಎಲ್ಲಿಯವರೆಗೆ, ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆಗಳನ್ನು ರೇಷ್ಮೆಯ ವಿಷಯದಲ್ಲಿ ನಮ್ಮ ಸಂಸತ್ತು ಕುಳಿತು ವಿಚಾರಣೆ ಮಾಡಿ ತೀರ್ಮಾನಿಸುವುದೇ ಇಲ್ಲ. ದರ ಎಷ್ಟೇ ಇರಲಿ, ಅದು ಹೀಗೆ ವಿಚಾರಣೆಯಿಲ್ಲದೆ ಓಲಾಡುವುದೇ ಈ ಕಸುಬಿಗೆ ದೊಡ್ಡ ಪೆಟ್ಟು.

ಕಾರ್ಖಾನೆಗಳ ಸಂಗತಿ ಹೀಗಿಲ್ಲ. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಗೆ ಹೆಸರಿತ್ತು, ಗೇಟಿತ್ತು, ನೌಕರರ ಸಂಘವಿತ್ತು, ವರ್ಷವರ್ಷದ ನಷ್ಟದ ಲೆಕ್ಕವಿತ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪುವ ಮೊದಲು ವರ್ಷಗಟ್ಟಲೆ ಅದರ ಬಗ್ಗೆ ಮಾತು ನಡೆದಿತ್ತು. ಭದ್ರಾವತಿಯ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚಲು 2023ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ (ಸೇಲ್) ತೀರ್ಮಾನಿಸಿದಾಗ ರಾಜ್ಯದ ಎಲ್ಲ ಪಕ್ಷಗಳೂ ದನಿ ಎತ್ತಿದವು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೆ 2025ರ ಜನವರಿಯಲ್ಲಿ ಕೇಂದ್ರ ಕೊಟ್ಟ ಪುನಶ್ಚೇತನ ಪ್ಯಾಕೇಜ್ 11,440 ಕೋಟಿ ರೂಪಾಯಿ. ಅದು ಸರಿಯೇ ತಪ್ಪೇ ಎಂದು ವಾದಿಸಲು ಕನಿಷ್ಠ ಒಂದು ಅಂಕಿಯಾದರೂ ನಮ್ಮ ಮುಂದಿದೆ. ರೇಷ್ಮೆಗೆ ಗೇಟಿಲ್ಲ. ಕೇಂದ್ರ ರೇಷ್ಮೆ ಮಂಡಳಿಯ ಅಂದಾಜಿನಂತೆ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನ ಈ ಕಸುಬನ್ನು ನಂಬಿದ್ದಾರೆ. ಆದರೆ ಅವರು ಕೆಲಸ ಮಾಡುವುದು ಹುಳು ಮನೆಗಳಲ್ಲಿ, ಹಿತ್ತಿಲ ಹಿಪ್ಪುನೇರಳೆ ತೋಟಗಳಲ್ಲಿ, ನಾಲ್ಕು ಜನ ದುಡಿಯುವ ರೀಲಿಂಗ್ ಶೆಡ್ಡುಗಳಲ್ಲಿ. ಬೆಲೆ ಬಿದ್ದಾಗ ಇಲ್ಲಿ ಯಾವುದಕ್ಕೂ ಬೀಗ ಬೀಳುವುದಿಲ್ಲ. ಒಬ್ಬ ರೈತ ಮುಂದಿನ ಬೆಳೆ ಬಿಡುತ್ತಾನೆ, ಇನ್ನೊಬ್ಬ ಸೊಪ್ಪಿನ ಗಿಡ ಕಿತ್ತು ಬೇರೇನೋ ಹಾಕುತ್ತಾನೆ. ಮುಚ್ಚಿದ ಕಾರ್ಖಾನೆಯ ಸುದ್ದಿ ಒಂದೇ ದಿನ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಮುಚ್ಚುತ್ತಿರುವ ಹುಳು ಮನೆಗಳ ಸುದ್ದಿಗೆ ತಾರೀಖೇ ಇರುವುದಿಲ್ಲ.

ಇದು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ತಿಳಿಯಲು ಮಾಗಡಿ ತಾಲ್ಲೂಕಿನ ಕುದೂರನ್ನು ನೋಡಬೇಕು. ರಾಮನಗರ ಎಂದರೆ ಏಷ್ಯಾದ ದೊಡ್ಡ ಗೂಡಿನ ಮಾರುಕಟ್ಟೆ ಎಂಬುದು ಎಲ್ಲರಿಗೂ ಗೊತ್ತು. ಕುದೂರಿನ ಪಾತ್ರ ಅಷ್ಟು ಜನಕ್ಕೆ ಗೊತ್ತಿಲ್ಲ. ಮಾಗಡಿ, ಸೋಲೂರು, ಕುದೂರು, ಅತ್ತ ಕುಣಿಗಲ್, ಹುಲಿಯೂರುದುರ್ಗದ ಕಡೆಯ ಈ ಸೀಮೆ ‘ಮೈಸೂರು ಬಿತ್ತನೆ ಪ್ರದೇಶ’. ನೂಲು ತೆಗೆಯುವ ಗೂಡನ್ನಲ್ಲ, ಮೊಟ್ಟೆ ಇಡಿಸುವ ಗೂಡನ್ನು ಬೆಳೆಯುವ ಸೀಮೆ ಇದು. ಇಲ್ಲಿ ಸಾಕುವುದು ಶುದ್ಧ ಮೈಸೂರು ತಳಿ, ಹಸಿರು ಮಿಶ್ರಿತ ಹಳದಿ ಬಣ್ಣದ, ಒಂದು ತುದಿ ಚೂಪಾದ ಸಣ್ಣ ಗೂಡು. ಇದರ ಎಳೆ ಬಿಚ್ಚಿದರೆ ನಾನೂರು ಮೀಟರ್ ಆಸುಪಾಸು. ದ್ವಿತಳಿ (ಬೈವೋಲ್ಟೀನ್) ಗೂಡಿನಲ್ಲಾದರೆ ಸುಮಾರು ಸಾವಿರ ಮೀಟರ್. ಹಾಗಿದ್ದರೂ ಈ ಪುಟ್ಟ ಗೂಡಿಗೆ ಬೆಲೆ ಬಂದದ್ದು ಅದು ನಮ್ಮ ಬಿಸಿಲು, ನಮ್ಮ ರೋಗ, ನಮ್ಮ ಸೊಪ್ಪಿಗೆ ಒಗ್ಗಿಕೊಂಡ ತಾಯಿ ಎಂಬ ಕಾರಣಕ್ಕೆ. ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ದ್ವಿತಳಿಯ ಗಂಡು ಚಿಟ್ಟೆಯನ್ನು ಕೂಡಿಸಿ ಪಡೆದ ಮೊಟ್ಟೆಯೇ ಮಿಶ್ರತಳಿ. ಹಳೇ ಮೈಸೂರು ಸೀಮೆಯ ರೈತರು ತಲೆಮಾರುಗಳಿಂದ ಸಾಕುತ್ತ ಬಂದ ಹಳದಿ ಗೂಡಿನ ಮೂಲ ಅದು.

ತಾಯಿ ತಳಿಯನ್ನು ಸರ್ಕಾರಿ ಬಿತ್ತನೆ ಕ್ಷೇತ್ರಗಳು ಪಿ4, ಪಿ3, ಪಿ2 ಎಂಬ ಹಂತಗಳಲ್ಲಿ ಕಾಪಾಡಿಕೊಂಡು ಬರುತ್ತವೆ. ಕೊನೆಯ ಪಿ1 ಹಂತ ಮಾತ್ರ ಬಿತ್ತನೆ ಬೆಳೆಗಾರನ ಮನೆಯಲ್ಲೇ ನಡೆಯಬೇಕು. ಆತನ ಗೂಡಿನಲ್ಲಿ ಎಷ್ಟು ರೇಷ್ಮೆಯಿದೆ ಎಂದು ಯಾರೂ ಮೊದಲು ಕೇಳುವುದಿಲ್ಲ. ಒಳಗಿನ ಕೋಶ ಜೀವಂತವಾಗಿದೆಯೇ, ರೋಗವಿಲ್ಲವೇ ಎಂದು ಕೇಳುತ್ತಾರೆ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಚಿಟ್ಟೆ ಹೊರಬಂದು ಮೊಟ್ಟೆ ಇಟ್ಟ ಮೇಲೆ ಆ ತಾಯಿ ಚಿಟ್ಟೆಯನ್ನೇ ಅರೆದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಗಂಟುರೋಗದ ಕಣ ಕಂಡರೆ ಅದರ ಮೊಟ್ಟೆಗಳೆಲ್ಲ ಸುಟ್ಟುಹೋಗಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆಯನ್ನು ಉಳಿಸಲು ಲೂಯಿ ಪಾಶ್ಚರ್ ಕಂಡುಕೊಂಡ ವಿಧಾನ ಇಂದಿಗೂ ಇಲ್ಲಿ ನಡೆಯುತ್ತಿದೆ. ಇಷ್ಟು ಸೂಕ್ಷ್ಮದ ಕೆಲಸ ಅನುಭವದಿಂದ ಬರುವಂಥದ್ದು. ಪೊರೆ ಕಳಚುವ ನಾಲ್ಕು ‘ಜ್ವರ’ಗಳಲ್ಲಿ ಹುಳುವನ್ನು ಹೇಗೆ ನೋಡಿಕೊಳ್ಳಬೇಕು, ಯಾವ ಎಳೆತನದ ಸೊಪ್ಪು ಹಾಕಬೇಕು, ಹಣ್ಣಾದ ಹುಳುವನ್ನು ಯಾವ ಹೊತ್ತಿಗೆ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು ಎಂಬುದನ್ನು ಮನೆಯ ಹೆಂಗಸರು ಕೈಯಲ್ಲೇ ಕಲಿತಿರುತ್ತಾರೆ.

ಈಗ ಸುಂಕದ ಸರಪಳಿಯನ್ನು ಹಿಂಬಾಲಿಸೋಣ. ಆಮದು ನೂಲು ಅಗ್ಗವಾದರೆ ಗೂಡಿನಿಂದ ನೂಲು ತೆಗೆಯುವ ರೀಲರ್ ಗೂಡಿಗೆ ಕಡಿಮೆ ಕೂಗುತ್ತಾನೆ. ಸರಾಸರಿ 7 ಕಿಲೋ ಗೂಡಿನಿಂದ 1 ಕಿಲೋ ನೂಲು ಎಂದು ಇಟ್ಟುಕೊಂಡರೆ, ನೂಲಿನ ಬೆಲೆ ಕಿಲೋಗೆ 350 ರೂಪಾಯಿ ಇಳಿದಾಗ ಗೂಡಿನ ಬೆಲೆ ಕಿಲೋಗೆ 50 ರೂಪಾಯಿ ಇಳಿಯಲೇಬೇಕು. 200 ‘ಮೊಟ್ಟೆ’ಯ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ಒಂದು ಲೆಕ್ಕ) ಚಾಕಿ, ಅಂದರೆ ಎಳೆಹುಳು, ತಂದು 130 ಕಿಲೋ ಗೂಡು ತೆಗೆದ ಸಣ್ಣ ರೈತನಿಗೆ ಒಂದೇ ಬೆಳೆಯಲ್ಲಿ 6,500 ರೂಪಾಯಿ ಕೈಬಿಟ್ಟಿತು. ಸೊಪ್ಪು, ಆಳು, ಚಾಕಿ, ಗೊಬ್ಬರದ ಖರ್ಚು ಮಾತ್ರ ಒಂದು ರೂಪಾಯಿಯೂ ಇಳಿದಿಲ್ಲ, ಹಾಗಾಗಿ ಹೋದದ್ದು ಪೂರ್ತಿ ಆತನ ಕೂಲಿಯಿಂದ. ರಾಗಿಯನ್ನೋ ಹುರುಳಿಯನ್ನೋ ಬೆಲೆ ಬರುವವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ಗೂಡನ್ನು ಇಡಲಾಗದು. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ತೂತಾದ ಗೂಡಿನಲ್ಲಿ ಎಳೆ ಬಿಚ್ಚಲಾಗದು. ಬಿಡಿಸಿದ ಮೇಲೆ ರೈತನ ಕೈಯಲ್ಲಿರುವುದು ಕೆಲವೇ ದಿನ. ಮಾರುಕಟ್ಟೆಗೆ ಹೊತ್ತು ತಂದ ಲಾಟನ್ನು ಹರಾಜಿನ ಬೆಲೆ ಹಿಡಿಸದಿದ್ದರೆ ನಿರಾಕರಿಸುವ ಹಕ್ಕು ಕಾಗದದ ಮೇಲೆ ಆತನಿಗಿದೆ. ಆದರೆ ನಿರಾಕರಿಸಿ ಎಲ್ಲಿಗೆ ಹೊತ್ತುಕೊಂಡು ಹೋಗಬೇಕು? ಬೆಲೆಯ ಆಘಾತವನ್ನು ಕಾದು ದಾಟುವ ಅವಕಾಶವೇ ಇಲ್ಲದ ಬೆಳೆ ಇದು. ಹೀಗೆ ಒಂದೆರಡು ಬೆಳೆ ಸೋತ ರೈತ ಮೂರನೆಯದಕ್ಕೆ ಮೊಟ್ಟೆ ತರುವುದಿಲ್ಲ. ಮೊಟ್ಟೆಯ ಬೇಡಿಕೆ ಇಳಿದರೆ ಬಿತ್ತನೆ ಕೋಠಿ ಕಡಿಮೆ ಗೂಡು ಕೊಳ್ಳುತ್ತದೆ. ಉಳಿದ ಬಿತ್ತನೆ ಗೂಡು ನೂಲಿಗೆ ಹೋಗಬೇಕು, ಎಳೆ ಚಿಕ್ಕದಾದ್ದರಿಂದ ಅಲ್ಲಿ ಅದಕ್ಕೆ ಸಿಗುವ ಬೆಲೆ ಇನ್ನೂ ಕಡಿಮೆ. ಹೀಗೆ ದಿಲ್ಲಿಯ ಆ ಎರಡು ಸಾಲುಗಳ ಪೆಟ್ಟು ರಾಮನಗರವನ್ನು ದಾಟಿ ಕುದೂರಿಗೆ ತಲುಪುತ್ತದೆ. ಎರಡು ವರ್ಷದ ನಂತರ ಸುಂಕ ಏರಿಸಿದರೆ ನೂಲಿನ ಬೆಲೆ ಮರಳಿ ಬರಬಹುದು. ಬಿತ್ತನೆ ಬಿಟ್ಟ ಮನೆ ಮರಳುವುದು ಅಷ್ಟು ಸುಲಭವಲ್ಲ, ಅದರಲ್ಲೂ ಬೆಂಗಳೂರಿನ ಬಡಾವಣೆಗಳು ಮಾಗಡಿ ರಸ್ತೆಯುದ್ದಕ್ಕೂ ಹಬ್ಬುತ್ತ ಹೊಲಕ್ಕೆ ಬೇರೆಯೇ ಬೆಲೆ ಕಟ್ಟುತ್ತಿರುವಾಗ.

ಇಂಥ ಉದ್ದಿಮೆಯನ್ನು ವಿಚಾರಣೆಗೆ ಒಳಪಡಿಸುವ ಪದ್ಧತಿ ನಮ್ಮಲ್ಲಿ ಎಂದೂ ಇರಲಿಲ್ಲವೇ? ಇತ್ತು, ಅದೂ ಪರಕೀಯರ ಆಳ್ವಿಕೆಯಲ್ಲಿ. 1922ರ ಇಂಡಿಯನ್ ಫಿಸ್ಕಲ್ ಕಮಿಷನ್ ಯಾವ ಉದ್ದಿಮೆಗೆ ಸುಂಕದ ರಕ್ಷಣೆ ಕೊಡಬಹುದು ಎಂಬುದಕ್ಕೆ ಮೂರು ಕಟ್ಟಳೆ ಇಟ್ಟಿತು. ಆ ಉದ್ದಿಮೆಗೆ ಇಲ್ಲಿ ಸಹಜ ಅನುಕೂಲಗಳಿರಬೇಕು, ರಕ್ಷಣೆಯಿಲ್ಲದೆ ಅದು ಬೆಳೆಯಲಾರದು ಎಂಬಂತಿರಬೇಕು, ಕೊನೆಗೊಂದು ದಿನ ರಕ್ಷಣೆಯಿಲ್ಲದೆಯೇ ಜಗತ್ತಿನ ಪೈಪೋಟಿ ಎದುರಿಸುವಂತಾಗಬೇಕು. 1923ರಲ್ಲಿ ಸುಂಕ ಮಂಡಳಿ ಬಂತು. ಮೊದಲು ವಿಚಾರಣೆಗೆ ಬಂದದ್ದು ಉಕ್ಕು, 1924ರಲ್ಲಿ ಅದಕ್ಕೆ ರಕ್ಷಣೆಯ ಕಾಯ್ದೆಯೇ ಆಯಿತು. ಮುಂದಿನ ದಶಕದ ಆರಂಭದಲ್ಲಿ ಜಗತ್ತಿನ ಆರ್ಥಿಕ ಕುಸಿತದ ಜೊತೆಗೆ ಜಪಾನಿನ ಯೆನ್ ಬೆಲೆ ಕಳೆದುಕೊಂಡು, ಜಪಾನ್ ಮತ್ತು ಚೀನಾದ ರೇಷ್ಮೆ ಇಲ್ಲಿಗೆ ಹರಿದುಬಂತು. ಕೃತಕ ರೇಷ್ಮೆಯೂ ಜೊತೆಗೂಡಿತು. ಮೈಸೂರು ಸಂಸ್ಥಾನದ ಹುಳು ಸಾಕಣೆ ನೆಲಕಚ್ಚುವ ಸ್ಥಿತಿಗೆ ಬಂದಾಗ 1933ರಲ್ಲಿ ಸುಂಕ ಮಂಡಳಿ ರೇಷ್ಮೆಯ ವಿಚಾರಣೆ ನಡೆಸಿತು. 1934ರಲ್ಲಿ ಕೇಂದ್ರ ಶಾಸನ ಸಭೆ ಅಂಗೀಕರಿಸಿದ ಜವಳಿ ರಕ್ಷಣಾ ಕಾಯ್ದೆಯಲ್ಲಿ ಕಚ್ಚಾ ರೇಷ್ಮೆಗೆ ಶೇ 25 ಸುಂಕ, ಅದರ ಮೇಲೆ ಪೌಂಡಿಗೆ 14 ಆಣೆ ನಿಗದಿಯಾಯಿತು. ಅದು ಮಂಡಳಿ ಕೇಳಿದ್ದಕ್ಕಿಂತ ಕಡಿಮೆ. ರಕ್ಷಣೆಗೆ ಗಡುವೂ ಇತ್ತು, ಗಡುವು ಮುಗಿಯುವ ಹೊತ್ತಿಗೆ 1938ರಲ್ಲಿ ಎರಡನೆಯ ವಿಚಾರಣೆಯೂ ನಡೆಯಿತು.

ಈ ಚರಿತ್ರೆಯಲ್ಲಿ ಒಂದು ಅಂಶ ನನ್ನನ್ನು ಬಹಳ ಕಾಡುತ್ತದೆ. ಮೈಸೂರು ದೇಶೀಯ ಸಂಸ್ಥಾನವಾದ್ದರಿಂದ ದಿಲ್ಲಿಯ ಆ ಶಾಸನ ಸಭೆಯಲ್ಲಿ ಮೈಸೂರಿನ ಒಬ್ಬ ಸದಸ್ಯನೂ ಇರಲಿಲ್ಲ. ದೇಶದ ರೇಷ್ಮೆಯಲ್ಲಿ ದೊಡ್ಡ ಪಾಲು ಬೆಳೆಯುವ ಸೀಮೆಯ ಭವಿಷ್ಯವನ್ನು ಆ ಸೀಮೆಯ ಪ್ರತಿನಿಧಿಗಳೇ ಇಲ್ಲದ ಸದನ ನಿರ್ಧರಿಸಿತು. ಹಾಗಿದ್ದೂ ಅಂದು ಮಂಡಳಿಯ ಮುಂದೆ ಮೈಸೂರಿನ ಅಹವಾಲು ಬಂತು, ಉತ್ಪಾದನೆಯ ಖರ್ಚಿನ ಲೆಕ್ಕ ತೆಗೆಯಲಾಯಿತು, ವರದಿ ಅಚ್ಚಾಯಿತು, ಸರ್ಕಾರ ಅದನ್ನು ಎಷ್ಟು ಒಪ್ಪಿತು ಎಷ್ಟು ಬಿಟ್ಟಿತು ಎಂಬುದು ಬಹಿರಂಗವಾಯಿತು. ಇಂದು ಲೋಕಸಭೆಯಲ್ಲಿ ಕರ್ನಾಟಕದ 28 ಸದಸ್ಯರಿದ್ದಾರೆ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ, ಕುಣಿಗಲ್ ಇವೆಲ್ಲ ಬೆಂಗಳೂರು ಗ್ರಾಮಾಂತರ ಎಂಬ ಒಂದೇ ಕ್ಷೇತ್ರದಲ್ಲಿವೆ, ಅಂದರೆ ಗೂಡಿನ ಮಾರುಕಟ್ಟೆಯೂ ಬಿತ್ತನೆ ಪ್ರದೇಶದ ಬಹುಭಾಗವೂ ಒಬ್ಬರೇ ಸಂಸದರ ಮಡಿಲಲ್ಲಿದೆ. ಪ್ರಾತಿನಿಧ್ಯ ಬಂತು, ಆದರೆ ವಿಚಾರಣೆ ಹೋಯಿತು.

ಹೇಗೆ ಹೋಯಿತು ಎಂದರೆ, ಸಂಸತ್ತಿನ ಕಾರ್ಯವಿಧಾನದಲ್ಲಿ ಸುಂಕಕ್ಕೆ ಚರ್ಚೆಯ ಜಾಗವೇ ಕಿರಿದು. ಬಜೆಟ್‌ನ ಸುಂಕ ಬದಲಾವಣೆಗಳು ಬಹುತೇಕ ಅಂದಿನಿಂದಲೇ ಜಾರಿಗೆ ಬರುತ್ತವೆ, ಸದನದ ಒಪ್ಪಿಗೆ ಆಮೇಲೆ. ಬಜೆಟ್ ಇಲ್ಲದ ದಿನಗಳಲ್ಲೂ 1962ರ ಕಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಅಡಿ ಸರ್ಕಾರ ಅಧಿಸೂಚನೆ ಹೊರಡಿಸಿ ಸುಂಕ ವಿನಾಯಿತಿ ಕೊಡಬಹುದು. ಆ ಕಾಗದವನ್ನು ಸದನದ ಮುಂದೆ ಇಡುತ್ತಾರೆ, ಅಲ್ಲಿಗೆ ಮುಗಿಯಿತು. ಹಣಕಾಸು ಮಸೂದೆಯ ಮೇಲೆ ಚರ್ಚೆಯ ಅವಕಾಶವಿದೆಯಲ್ಲ ಎನ್ನಬಹುದು. 2018ರಲ್ಲಿ ಗದ್ದಲದ ನಡುವೆ ಹಣಕಾಸು ಮಸೂದೆ, ಎಲ್ಲ ಸಚಿವಾಲಯಗಳ ಬೇಡಿಕೆಗಳು ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ ಅಂಗೀಕಾರವಾದವು. 2023ರಲ್ಲೂ ಅದೇ ಕಥೆ. ಗದ್ದಲವಿಲ್ಲದ ವರ್ಷದಲ್ಲೂ ಕೆಲವೇ ಸಚಿವಾಲಯಗಳನ್ನು ಆರಿಸಿ ಚರ್ಚಿಸಿ, ಉಳಿದವನ್ನು ಕೊನೆಯ ದಿನ ಒಟ್ಟಿಗೆ ಮತಕ್ಕೆ ಹಾಕುವುದು ರೂಢಿ. ರಾಜ್ಯದ ವಿಧಾನಸಭೆಯಲ್ಲಾದರೋ ರೇಷ್ಮೆಯ ಬಗ್ಗೆ ತಿಳಿದು ಮಾತಾಡುವವರು ಸಾಕಷ್ಟು ಜನರಿದ್ದಾರೆ, ಮಾತೂ ನಡೆಯುತ್ತದೆ. ಗೂಡು ಮಾರಾಟವನ್ನು ಸರ್ಕಾರಿ ಮಾರುಕಟ್ಟೆಗೆ ತಂದ 1959ರ ಕಾಯ್ದೆ, ನೂಲಿನ ಬೆಲೆ ಬಿದ್ದಾಗ ಕೊಂಡು ಆಧರಿಸಲೆಂದು 1979ರಲ್ಲಿ ಹುಟ್ಟಿದ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ಇವೆಲ್ಲ ರಾಜ್ಯದ ಕೆಲಸಗಳೇ. ಆದರೆ ಆಮದು ಸುಂಕ ಕೇಂದ್ರ ಪಟ್ಟಿಯ ವಿಷಯ. ತಿಳಿದ ಸದನಕ್ಕೆ ಅಧಿಕಾರವಿಲ್ಲ, ಅಧಿಕಾರವಿರುವ ಸದನಕ್ಕೆ ಹೊತ್ತಿಲ್ಲ. ಅದರ ಮೇಲೆ ಇನ್ನೊಂದು ಗೋಜಲು: ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದ ಗೂಡನ್ನೂ ಕಚ್ಚಾ ರೇಷ್ಮೆಯನ್ನೂ ಕೃಷಿ ಉತ್ಪನ್ನವೆಂದು ಎಣಿಸುತ್ತದೆ, ದಿಲ್ಲಿಯಲ್ಲಿ ಅದು ಜವಳಿ ಸಚಿವಾಲಯಕ್ಕೆ ಸೇರಿದ್ದು, ಸುಂಕದ ಕೀಲಿ ಇರುವುದು ಹಣಕಾಸು ಸಚಿವಾಲಯದಲ್ಲಿ. ರೈತನ ನಷ್ಟಕ್ಕೆ ಉತ್ತರ ಕೊಡುವವರು ಯಾರು ಎಂದು ಹುಡುಕಿಕೊಂಡು ಹೊರಟರೆ ಮೂರು ಬಾಗಿಲು ತಟ್ಟಬೇಕು.

ರೇಷ್ಮೆಗೆ ಸುಂಕದ ಆಸರೆ ಬೇಕು ಎಂಬುದಕ್ಕೆ ಎದುರಾಗಿ ನಿಲ್ಲುವ ಮೊದಲ ವಾದ ನೇಕಾರರದ್ದು, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ದೊಡ್ಡಬಳ್ಳಾಪುರದ, ಮೊಳಕಾಲ್ಮೂರಿನ, ಕಂಚಿಯ, ಧರ್ಮಾವರದ, ವಾರಾಣಸಿಯ ಮಗ್ಗಗಳಿಗೆ ನೂಲೇ ದೊಡ್ಡ ಖರ್ಚು. ನೂಲಿನ ಬೆಲೆ ಏರಿದಾಗ ಸೀರೆಯ ಬೆಲೆಯನ್ನು ಆ ಕ್ಷಣಕ್ಕೆ ಏರಿಸಲು ಆಗುವುದಿಲ್ಲ, ಪೆಟ್ಟು ಬೀಳುವುದು ನೇಯ್ಗೆಯ ಕೂಲಿಗೆ. ಬೆಳೆಗಾರನನ್ನು ಉಳಿಸಲು ನೇಕಾರನನ್ನು ಬಲಿಕೊಡಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಗ್ಗದವರು ಚೀನಾದ ನೂಲನ್ನು ಕೇಳಿದ್ದು ಅಗ್ಗ ಎಂಬ ಒಂದೇ ಕಾರಣಕ್ಕಲ್ಲ. ಹಾಸಿಗೆ, ಅಂದರೆ ಮಗ್ಗದ ಉದ್ದ ಎಳೆಗಳಿಗೆ, ಬೇಕಾದದ್ದು ಉದ್ದಕ್ಕೂ ಒಂದೇ ದಪ್ಪ ಇರುವ, ತುಂಡಾಗದ ಎಳೆ. ಚರಕದಲ್ಲಿ ಬಿಚ್ಚಿದ ಮಿಶ್ರತಳಿ ನೂಲು ಹೊಕ್ಕಿಗೆ ಒಗ್ಗುತ್ತದೆ, ಪವರ್‌ಲೂಮಿನ ಹಾಸಿಗೆ ಅಷ್ಟಾಗಿ ಒಗ್ಗುವುದಿಲ್ಲ. ಹಾಗಿರುವಾಗ ನೇಕಾರನ ಕಷ್ಟಕ್ಕೆ ಪರಿಹಾರ ಇಲ್ಲಿನ ದ್ವಿತಳಿ ಗೂಡು ಮತ್ತು ಸ್ವಯಂಚಾಲಿತ ರೀಲಿಂಗ್ ಯಂತ್ರ. ಸುಂಕ ಇಳಿಸಿದರೆ ಅವೆರಡಕ್ಕೂ ಹಣ ಹೂಡುವವರೇ ಇರುವುದಿಲ್ಲ. ಬೆಲೆಯ ಭಾರ ಹೆಚ್ಚಾದಾಗ ಮಗ್ಗಕ್ಕೆ ನೇರವಾಗಿ ನೂಲಿನ ಸಬ್ಸಿಡಿ ಕೊಡುವ ದಾರಿ ಇದ್ದೇ ಇದೆ, ಕೈಮಗ್ಗಗಳಿಗೆ ಕೇಂದ್ರದ ಕಚ್ಚಾ ಸಾಮಗ್ರಿ ಪೂರೈಕೆ ಯೋಜನೆ ಇಂದು ಮಾಡುತ್ತಿರುವುದೂ ಅದನ್ನೇ. ಇಬ್ಬರು ಬಡವರ ನಡುವೆ ಒಬ್ಬನ ತಟ್ಟೆಯಿಂದ ತೆಗೆದು ಇನ್ನೊಬ್ಬನಿಗೆ ಬಡಿಸುವುದಕ್ಕಿಂತ ಆ ಖರ್ಚನ್ನು ಖಜಾನೆ ಬಹಿರಂಗವಾಗಿ ಹೊರುವುದು ಮೇಲು, ಏಕೆಂದರೆ ಖಜಾನೆಯ ಖರ್ಚನ್ನು ಸದನ ಪ್ರಶ್ನಿಸಬಹುದು.

ಎರಡನೆಯ ವಾದ ಇನ್ನೂ ಗಟ್ಟಿ. ರಕ್ಷಣೆ ಕೊಟ್ಟ ಉದ್ದಿಮೆ ಸೋಮಾರಿಯಾಗುತ್ತದೆ, 1934ರಲ್ಲಿ ಆಸರೆ ಕೇಳಿದ ರೇಷ್ಮೆ ತೊಂಬತ್ತು ವರ್ಷವಾದರೂ ಆಸರೆ ಕೇಳುತ್ತಲೇ ಇದೆ, 1922ರ ಮೂರನೆಯ ಕಟ್ಟಳೆಯಂತೆ ತನ್ನ ಕಾಲ ಮೇಲೆ ನಿಲ್ಲುವ ದಿನ ಯಾವಾಗ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಕೇಳಲೇಬೇಕು ಎಂದು ನಾನೂ ಹೇಳುತ್ತೇನೆ. ಉತ್ತರ ಅಂಕಿಗಳಲ್ಲಿದೆ. 2010-11ರಲ್ಲಿ ದೇಶದ ಒಟ್ಟು ಕಚ್ಚಾ ರೇಷ್ಮೆ ಉತ್ಪಾದನೆ 20 ಸಾವಿರ ಟನ್ ಆಸುಪಾಸು, 2022-23ರಲ್ಲಿ 36 ಸಾವಿರ ಟನ್ ದಾಟಿತು. ಇನ್ನೂ ಮುಖ್ಯವಾದದ್ದು ದ್ವಿತಳಿಯ ಲೆಕ್ಕ. ಆಮದು ನೂಲಿಗೆ ಎದುರು ನಿಲ್ಲಬಲ್ಲ ಈ ರೇಷ್ಮೆ 2010-11ರಲ್ಲಿ ಸುಮಾರು 1,400 ಟನ್ನಿನಷ್ಟಿತ್ತು, 2019-20ರ ಹೊತ್ತಿಗೆ 7 ಸಾವಿರ ಟನ್ ಮುಟ್ಟಿತು. ಆಮದು 2010-11ರಲ್ಲಿ 5 ಸಾವಿರ ಟನ್ನಿಗೂ ಹೆಚ್ಚಿತ್ತು, 2019-20ರಲ್ಲಿ 3,300 ಟನ್ನಿನ ಹತ್ತಿರ ನಿಂತಿತು. ಇದು ಸುಂಕವೊಂದರ ಫಲವಲ್ಲ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ1 ಹಿಪ್ಪುನೇರಳೆ, ಸಿಎಸ್‌ಆರ್ ತಳಿಗಳು, ಜಪಾನಿನ ನೆರವಿನಿಂದ ತೊಂಬತ್ತರ ದಶಕದಲ್ಲಿ ಶುರುವಾದ ದ್ವಿತಳಿ ಯೋಜನೆ, ಚಾಕಿ ಕೇಂದ್ರಗಳು, ಹನಿ ನೀರಾವರಿ, ಹೊಸ ರೀಲಿಂಗ್ ಯಂತ್ರಗಳು, ಇವೆಲ್ಲ ಸೇರಿ ಆದ ಕೆಲಸ. 2003ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಚೀನಾದ ಕೆಳದರ್ಜೆಯ ರೇಷ್ಮೆಯ ಮೇಲೆ ಇದ್ದ ಸುರಿಮಾರು ವಿರೋಧಿ (ಆ್ಯಂಟಿ ಡಂಪಿಂಗ್) ಸುಂಕವೂ ಒಂದು ಹಂತದಲ್ಲಿ ನೆರವಾಗಿರಬೇಕು. ಅಂದರೆ ರಕ್ಷಣೆಯ ಜೊತೆಗೆ ತಂತ್ರಜ್ಞಾನ ಬಂದಾಗ ರೇಷ್ಮೆ ಸೋಮಾರಿಯಾಗಲಿಲ್ಲ, ಬೆಳೆಯಿತು. ಹಾಗೆಂದು ರಕ್ಷಣೆಗೆ ಕೊನೆಯೇ ಬೇಡ ಎಂದಲ್ಲ. ಐದು ವರ್ಷದ ಗಡುವು, ಅದರೊಳಗೆ ಮುಟ್ಟಬೇಕಾದ ಗುಣಮಟ್ಟ, ಮುಟ್ಟದಿದ್ದರೆ ಏನು ಎಂಬುದರ ಸ್ಪಷ್ಟ ಬರಹ ಇರಲಿ. ಸುರಿಮಾರು ವಿರೋಧಿ ಸುಂಕಕ್ಕೆ ಕಾನೂನೇ ಐದು ವರ್ಷದ ಗಡುವು ಇಟ್ಟಿದೆ, ಮುಂದುವರಿಸಬೇಕಾದರೆ ಮತ್ತೆ ವಿಚಾರಣೆ ಆಗಬೇಕು, ಆಮದುದಾರರೂ ದೇಶಿ ಉತ್ಪಾದಕರೂ ಬಂದು ವಾದಿಸಬೇಕು. ಆ ಶಿಸ್ತು ಸಾಮಾನ್ಯ ಆಮದು ಸುಂಕಕ್ಕೆ ಏಕಿರಬಾರದು?

ಏಕೆಂದರೆ ಬಜೆಟ್ ಗುಟ್ಟಾಗಿರಬೇಕು, ಮೊದಲೇ ಗೊತ್ತಾದರೆ ವ್ಯಾಪಾರಿಗಳು ಸರಕು ಕೂಡಿಡುತ್ತಾರೆ ಎಂಬ ಉತ್ತರ ಹಣಕಾಸು ಸಚಿವಾಲಯದ ಕಡೆಯಿಂದ ಬರುತ್ತದೆ. ದರ ಬದಲಾಗುವ ದಿನವನ್ನು ಗುಟ್ಟಾಗಿಡಲಿ, ಯಾರ ಅಭ್ಯಂತರವೂ ಇಲ್ಲ. ಒಂದು ಕಿಲೋ ಗೂಡಿನ ಉತ್ಪಾದನಾ ವೆಚ್ಚ ಎಷ್ಟು, ನೇಕಾರನಿಗೆ ತಾಳುವ ಬೆಲೆ ಎಷ್ಟು, ಚೀನಾದ ನೂಲು ನಮ್ಮ ಬಂದರಿಗೆ ಬಂದು ಬೀಳುವ ಬೆಲೆ ಎಷ್ಟು ಎಂಬ ಅಧ್ಯಯನದಲ್ಲಿ ಗುಟ್ಟೇನಿದೆ? ಐದು ವರ್ಷದ ಸುಂಕದ ಹಾದಿಯನ್ನು ಮೊದಲೇ ಘೋಷಿಸಿಬಿಟ್ಟರೆ ಕೂಡಿಡುವ ಆಟವೇ ನಿಲ್ಲುತ್ತದೆ. ಕಸುಬಿನವರ ಮಾತನ್ನು ಮೊದಲೇ ಕೇಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಚನ್ನಪಟ್ಟಣದ ಆಟಿಕೆ ಕಸುಬಿನಲ್ಲೇ ಉದಾಹರಣೆಯಿದೆ. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ಇದರ ಜೊತೆ ಬಂದ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿಯಿಂದ ಎಲ್ಲ ಆಟಿಕೆಗೂ ಬಿಐಎಸ್ ಗುರುತು ಕಡ್ಡಾಯ ಮಾಡಿತು. ಚೀನಾದ ಅಗ್ಗದ ಆಟಿಕೆಗಳನ್ನು ತಡೆಯಲು ತಂದ ಆ ಆದೇಶ, ಆಲೆ ಮರವನ್ನು ಕಡೆದು ಅರಗು ಬಳಿಯುವ ಸಣ್ಣ ಕುಶಲಕರ್ಮಿಯ ಕೈಯನ್ನೇ ಕಟ್ಟಿಹಾಕುವ ಅಪಾಯವಿತ್ತು, ಪರೀಕ್ಷೆ ಮತ್ತು ಪರವಾನಗಿಯ ಖರ್ಚು ಆತನಿಗೆ ಹೊರಲಾಗದ್ದು. ಜಾರಿಗೆ ಬರುವ ಮೊದಲೇ, 2020ರ ಡಿಸೆಂಬರ್‌ನಲ್ಲಿ, ನೋಂದಾಯಿತ ಕರಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಆಟಿಕೆಗಳಿಗೂ ವಿನಾಯಿತಿ ಸಿಕ್ಕಿತು. ಒಂದೇ ಜಿಲ್ಲೆಯ ಎರಡು ಕಸುಬು. ಒಂದರಲ್ಲಿ ತಪ್ಪಾಗುವ ಮೊದಲೇ ತಿದ್ದಿದರು, ಇನ್ನೊಂದರಲ್ಲಿ ತಿದ್ದಲು ಎರಡು ವರ್ಷ ಬೇಕಾಯಿತು.

ರೇಷ್ಮೆಗೆ ಸರ್ಕಾರ ಹಣವೇ ಕೊಡುತ್ತಿಲ್ಲ ಎಂದು ಹೇಳಿದರೆ ಸುಳ್ಳಾದೀತು. ‘ರೇಷ್ಮೆ ಸಮಗ್ರ’ ಯೋಜನೆಗೆ 2017ರಿಂದ 2020ರವರೆಗೆ 2,161.68 ಕೋಟಿ, ಅದರ ಎರಡನೆಯ ಹಂತಕ್ಕೆ 2021-22ರಿಂದ 2025-26ರವರೆಗೆ 4,679.86 ಕೋಟಿ ರೂಪಾಯಿ ಗೊತ್ತಾಯಿತು. ಹುಳು ಮನೆ, ಯಂತ್ರ, ನೀರಾವರಿ, ಬಿತ್ತನೆ ಕೇಂದ್ರಗಳಿಗೆ ಅದರಿಂದ ನೆರವು ಸಿಗುತ್ತದೆ. ಆದರೆ ಒಂದು ಕೈಯಲ್ಲಿ ಹುಳು ಮನೆ ಕಟ್ಟಲು ಸಹಾಯಧನ ಕೊಟ್ಟು, ಆ ಮನೆಯಲ್ಲಿ ಬೆಳೆದ ಗೂಡಿಗೆ ನಾಳೆ ಯಾವ ಬೆಲೆ ಎಂಬುದನ್ನು ಇನ್ನೊಂದು ಕೈ ಯಾರಿಗೂ ಹೇಳದೆ ಬದಲಿಸುವುದಾದರೆ, ಮೊದಲಿನ ಹಣ ಕೊಟ್ಟೂ ಕೊಡದಂತೆಯೇ. ಸಹಾಯಧನದಿಂದ ಮನೆ ಕಟ್ಟಿದ ರೈತ ತನ್ನ ಪಾಲಿಗೆ ಸಾಲ ತಂದಿರುತ್ತಾನೆ. ಆತ ಲೆಕ್ಕ ಹಾಕಿದ್ದು ಐದಾರು ವರ್ಷದ ಬೆಲೆಯನ್ನು ನಂಬಿ.

1948ರ ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆ ರೂಪಿಸಿದವರಿಗೆ ಈ ಸಂಬಂಧ ಗೊತ್ತಿತ್ತು ಎಂದು ತೋರುತ್ತದೆ. ಮಂಡಳಿಯಲ್ಲಿ ಲೋಕಸಭೆ ಚುನಾಯಿಸಿದ ನಾಲ್ವರಿಗೆ, ರಾಜ್ಯಸಭೆ ಚುನಾಯಿಸಿದ ಇಬ್ಬರಿಗೆ ಸ್ಥಾನವಿದೆ. ಅಂದರೆ ರೇಷ್ಮೆಯ ವಿಷಯಕ್ಕೆ ಸಂಸತ್ತಿನ ಆರು ಕಣ್ಣುಗಳು ಕಾನೂನಿನಲ್ಲೇ ನೇಮಕವಾಗಿವೆ, ಮಂಡಳಿಯ ಕೇಂದ್ರ ಕಚೇರಿ ಇರುವುದೂ ಬೆಂಗಳೂರಿನಲ್ಲೇ. ಹೊಸ ಸಂಸ್ಥೆ ಕಟ್ಟುವ ಅಗತ್ಯವಿಲ್ಲ. ಪ್ರತಿ ಐದು ವರ್ಷಕ್ಕೊಮ್ಮೆ ಮಂಡಳಿ ಗೂಡು ಮತ್ತು ನೂಲಿನ ಉತ್ಪಾದನಾ ವೆಚ್ಚದ ವರದಿ ತಯಾರಿಸಲಿ. ಕಾರ್ಮಿಕ, ಜವಳಿ ಮತ್ತು ಕೌಶಲ ಅಭಿವೃದ್ಧಿಯ ಸಂಸದೀಯ ಸ್ಥಾಯಿ ಸಮಿತಿ ಆ ವರದಿ ಹಿಡಿದು ರಾಮನಗರದ ಮಾರುಕಟ್ಟೆಗೆ, ದೊಡ್ಡಬಳ್ಳಾಪುರದ ಮಗ್ಗಗಳಿಗೆ, ಕುದೂರಿನ ಬಿತ್ತನೆ ಗೂಡಿನ ಮಾರುಕಟ್ಟೆಗೆ ಬಂದು ಬೆಳೆಗಾರ, ರೀಲರ್, ನೇಕಾರ ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕೇಳಲಿ. ಬಿತ್ತನೆ ಬೆಳೆಗಾರರಿಗೆ ಮಾತ್ರ ಪ್ರತ್ಯೇಕ ಗಮನ ಬೇಕು. ನೂಲಿನ ಬೆಲೆ ಎಷ್ಟೇ ಬೀಳಲಿ, ಪಿ1 ಗೂಡಿಗೆ ಒಂದು ಖಾತರಿ ಬೆಲೆ ಇರುವುದು ಅತ್ಯಗತ್ಯ, ಏಕೆಂದರೆ ಅವರದು ಮಾರುಕಟ್ಟೆಯ ಬೆಳೆಯಲ್ಲ, ಇಡೀ ಮಿಶ್ರತಳಿಯ ಬೇರು. ‘ರೇಷ್ಮೆ ಸಮಗ್ರ’ದ ಮುಂದಿನ ಹಂತದ ಹಣ ಮತ್ತು ಮುಂದಿನ ಐದು ವರ್ಷದ ಆಮದು ಸುಂಕ, ಇವೆರಡೂ ಒಂದೇ ಪ್ರಸ್ತಾಪವಾಗಿ ಸದನದ ಮುಂದೆ ಬಂದು, ಅದರ ಮೇಲೆ ಅರ್ಧ ದಿನವಾದರೂ ಮಾತು ನಡೆಯಬೇಕು. ಕರ್ನಾಟಕದ 28 ಸಂಸದರಲ್ಲಿ ಯಾವ ಪಕ್ಷದವರೇ ಆಗಲಿ, ಆ ಅರ್ಧ ದಿನಕ್ಕೆ ನೋಟಿಸ್ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ.